ನೆಲದೊಳಗಿನ ಅನಿಲಕ್ಕೂ ಉಂಟು ಬೆರಳಗುರುತು

2001ರ ಜನವರಿ 17ರ ಬೆಳಿಗ್ಗೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹಚಿನ್ಸನ್ ಪಟ್ಟಣದ ಪೇಟೆಬೀದಿಯಲ್ಲಿ ಭಾರಿ ಸ್ಫೋಟವಾಗಿ ಎರಡು ಅಂಗಡಿಗಳು ಧ್ವಂಸವಾದವು. ಊರಿನ ಇನ್ನೊಂದು ಮಗ್ಗುಲಲ್ಲಿ ನೆಲದಿಂದ ಅನಿಲ, ಉಪ್ಪುನೀರಿನ ಬುಗ್ಗೆಗಳು ಚಿಮ್ಮಿದವು. ಮರುದಿನ ಮತ್ತೊಂದು ಸ್ಫೋಟ, ಇಬ್ಬರು ಸತ್ತರು. ಎಲ್ಲರದೂ ಒಂದೇ ಪ್ರಶ್ನೆ: ಈ ಅನಿಲ ಬಂದದ್ದೆಲ್ಲಿಂದ?

ಮೂಗನ್ನು ನಂಬುವಂತಿಲ್ಲ. ಅಡುಗೆ ಅನಿಲದ ದುರ್ವಾಸನೆ ನಾವು ಬೆರೆಸಿದ್ದು. ಮಣ್ಣು ಅದನ್ನು ಹೀರಿಬಿಡಬಲ್ಲದು. ಪ್ರಯೋಗಾಲಯವೇ ಗತಿ. ಕೆಸರಿನಲ್ಲಿ, ಕಸದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ತಯಾರಿಸುವ ಮೀಥೇನ್‌ನಲ್ಲಿ ಈಥೇನ್, ಪ್ರೊಪೇನ್ ಇಲ್ಲವೆನ್ನುವಷ್ಟು ಕಡಿಮೆ. ಕಾರ್ಬನ್-13 ಕೂಡ ಕಡಿಮೆ. ಭೂಗರ್ಭದ ಶಾಖದಲ್ಲಿ ಬೆಂದ ಅನಿಲದಲ್ಲಿ ಇವೆಲ್ಲ ಹೆಚ್ಚು. ಕಸದ ಅನಿಲದಲ್ಲಿ ಕಾರ್ಬನ್-14 ಸಿಗುತ್ತದೆ. ಕೋಟ್ಯಂತರ ವರ್ಷ ಹಳೆಯ ಅನಿಲದಲ್ಲಿ ಅದು ಪೂರ್ತಿ ಕರಗಿಹೋಗಿರುತ್ತದೆ.

ಆದರೆ ದಾಸ್ತಾನು ಮಾಡಿದ ಅನಿಲವೂ ಭೂಗರ್ಭದ್ದೇ. ಸ್ಥಳೀಯ ಬಾವಿಯ ಅನಿಲದಿಂದ ಅದನ್ನು ಬೇರ್ಪಡಿಸುವುದು ಹೇಗೆ? ಎರಡರ ಈಥೇನ್, ಪ್ರೊಪೇನ್, ಹೀಲಿಯಂ ಪ್ರಮಾಣಗಳನ್ನು ಹೋಲಿಸಬೇಕು. ಅಷ್ಟೂ ಸಾಲದು, ಅನಿಲ ನಡೆದ ದಾರಿಯನ್ನೂ ತೋರಿಸಬೇಕು.

ಹಚಿನ್ಸನ್‌ನಲ್ಲಿ ಆದದ್ದೂ ಅದೇ. ಪಟ್ಟಣದಿಂದ ಸುಮಾರು 11 ಕಿಲೋಮೀಟರ್ ದೂರದ ಯಾಗಿಯಲ್ಲಿ, ಉಪ್ಪಿನ ಪದರದೊಳಗೆ ಕೊರೆದ ಗುಹೆಗಳಲ್ಲಿ ಅನಿಲದ ದಾಸ್ತಾನಿತ್ತು. ಅಂದು ಬೆಳಿಗ್ಗೆ ಅಲ್ಲಿನ ಒಂದು ಬಾವಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದಿತ್ತು. ಸುಮಾರು 600 ಅಡಿ ಆಳದಲ್ಲಿ ಅದರ ಉಕ್ಕಿನ ಕೊಳವೆ ತೂತಾಗಿತ್ತು. ಕ್ಯಾನ್ಸಸ್ ಭೂವಿಜ್ಞಾನ ಸಂಸ್ಥೆಯ ತಜ್ಞರು ನೆಲಕ್ಕೆ ಕಂಪನ ಕಳಿಸಿ, ಮರಳಿದ ಅಲೆಗಳನ್ನು ಓದಿದರು. ಬಾವಿ ಕೊರೆದು ನೋಡಿದಾಗ ಬಿರುಕುಬಿಟ್ಟ ತೆಳು ಡಾಲೊಮೈಟ್ ಪದರ ಸಿಕ್ಕಿತು. ಅನಿಲದ ಗುಪ್ತ ಹೆದ್ದಾರಿ ಅದೇ!

ಅದು ಮೇಲೆ ಬಂದದ್ದು ಹೇಗೆ? ಹಚಿನ್ಸನ್ ಉಪ್ಪಿನ ಊರು. 1887ರಲ್ಲಿ ಅಲ್ಲಿ ಉಪ್ಪು ಪತ್ತೆಯಾದ ಮೇಲೆ ನೀರು ಇಳಿಸಿ ಉಪ್ಪು ಕರಗಿಸಿ ತೆಗೆಯಲು ತೋಡಿದ ಬಾವಿಗಳೆಷ್ಟೋ. ಸರಿಯಾಗಿ ಮುಚ್ಚದೆ ಬಿಟ್ಟ ಅವುಗಳ ಮೇಲೆ ಊರು ಬೆಳೆಯಿತು. ನೆಲ ಮಾತ್ರ ಅವನ್ನು ಮರೆಯಲಿಲ್ಲ. ಅನಿಲ ಏರಿ ಬಂದದ್ದು ಅವುಗಳ ಮೂಲಕವೇ.

ತಜ್ಞರು ಹೊಸ ಬಾವಿಗಳನ್ನು ಕೊರೆದು ಉಳಿದ ಅನಿಲವನ್ನು ಹೊರಬಿಟ್ಟು ಸುಟ್ಟರು. ಅನಿಲ ತುಂಬುವ ಮುನ್ನವೇ ಅದರ ಬೆರಳಗುರುತನ್ನೂ ಹಳೆಯ ಬಾವಿಗಳ ನಕ್ಷೆಯನ್ನೂ ಸಿದ್ಧವಿಟ್ಟುಕೊಂಡರೆ ಮೂಲ ಹುಡುಕಲು ತಿಂಗಳುಗಳು ಬೇಕಾಗುವುದಿಲ್ಲ. ಸ್ಫೋಟವಾದ ಮೇಲೆ ಹುಡುಕುವುದು ಕೋಟೆ ಸೂರೆಯಾದ ಮೇಲೆ ಬಾಗಿಲು ಹಾಕಿದಂತೆಯೇ.