ಸಮುದ್ರ ಮೀನಿನ ಊಟದ ಬಿಲ್ಲು: ಐದು ತಾಲ್ಲೂಕುಗಳ ಹೋಟೆಲು ಉದ್ಯಮಕ್ಕೊಂದು ಲೆಕ್ಕಾಚಾರ

ಖರೀದಿ, ವಸೂಲಿ ಮತ್ತು ಬ್ಯಾಂಕಿನ ಕೆಲಸಗಳಿಗಾಗಿ ಬೆಂಗಳೂರಿಗೆ ಹೋಗಿಬರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿಯ ವ್ಯಾಪಾರಸ್ಥರಿಗೆ ಮಾಲ್‌ಗಳು ಇಂದು ಅಪರಿಚಿತವಲ್ಲ. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ಆರಂಭವಾದಾಗ ಅದೊಂದು ಕುತೂಹಲದ ವಸ್ತುವಾಗಿತ್ತು. 2023ರಲ್ಲಿ ಬಳ್ಳಾರಿ ರಸ್ತೆಯ ಬ್ಯಾಟರಾಯನಪುರದಲ್ಲಿ ಫೀನಿಕ್ಸ್ ಮಾಲ್ ಆಫ್ ಏಷ್ಯಾ ತೆರೆಯುವ ವೇಳೆಗೆ ನಗರದ ಹೊರವಲಯದ ಮಾಲ್‌ಗಳು ನಿತ್ಯಜೀವನದ ಭಾಗವಾಗಿದ್ದವು. ಇಂತಹ ಮಾಲ್‌ಗಳಲ್ಲಿ ಹೊಸದಾಗಿ ತೆರೆಯುವ ಹೋಟೆಲುಗಳ ಪೈಕಿ ಕರಾವಳಿ ಮೀನಿನ ಹೋಟೆಲುಗಳೂ ಇರುತ್ತವೆ. ಅಂಜಲ್ ತವಾ ಫ್ರೈ, ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ, ಜೊತೆಗೆ ನೀರುದೋಸೆ ತರಿಸಿ ನಾಲ್ವರು ಊಟ ಮುಗಿಸಿದರೆ ಬಿಲ್ಲಿನ ಮೊತ್ತ ಸಾವಿರಗಳಲ್ಲಿರುತ್ತದೆ.

ಬಿಲ್ಲನ್ನು ಕಂಡ ವ್ಯಾಪಾರಸ್ಥನಲ್ಲಿ ಎರಡು ಪ್ರಶ್ನೆಗಳು ಹುಟ್ಟುವುದು ಸಹಜ. ಮೊದಲನೆಯದು, ಇಷ್ಟೊಂದು ಏಕೆ ಎಂಬುದು. ಎರಡನೆಯದು, ಇಂತಹ ಹೋಟೆಲನ್ನು ತಮ್ಮ ಊರಿನಲ್ಲಿಯೇ ಏಕೆ ತೆರೆಯಬಾರದು ಎಂಬುದು. ಎರಡನೆಯ ಪ್ರಶ್ನೆಗೆ ಮನೆಯ ಉಳಿತಾಯವನ್ನೋ ಬ್ಯಾಂಕಿನ ಸಾಲವನ್ನೋ ಹಾಕಿ ಉತ್ತರ ಕಂಡುಕೊಳ್ಳಲು ಹೊರಡುವ ಮುನ್ನ ಮೊದಲನೆಯದಕ್ಕೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳುವುದು ಲೇಸು.

ಬಿಲ್ಲನ್ನು ಓದುವ ಬಗೆ

ಮಾಲ್‌ನ ಸಾಮಾನ್ಯ ಹೋಟೆಲಿನ ಬಿಲ್ಲಿನಲ್ಲಿ ಶೇಕಡಾ 5ರಷ್ಟು ಸರಕು ಮತ್ತು ಸೇವಾ ತೆರಿಗೆ ಇರುತ್ತದೆ. 2017ರ ನವೆಂಬರ್ 15ಕ್ಕೆ ಮೊದಲು ಹವಾನಿಯಂತ್ರಿತ ಹೋಟೆಲುಗಳಿಗೆ ಶೇಕಡಾ 18, ಉಳಿದವಕ್ಕೆ ಶೇಕಡಾ 12ರ ದರವಿತ್ತು. ಅಂದಿನಿಂದ ದರ ಇಳಿದಿದೆ. ಆದರೆ ಅದರೊಂದಿಗೆ ಹೋಟೆಲಿನವರಿಗೆ ಹೂಡುವಳಿ ತೆರಿಗೆ ಜಮೆಯ ಹಕ್ಕೂ ಹೋಗಿದೆ.

ಸೇವಾ ಶುಲ್ಕವೆಂಬುದು ತೆರಿಗೆಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಈ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ.

ಗ್ರಾಹಕರನ್ನು ಊಟಕ್ಕೆ ಕರೆದೊಯ್ದ ವ್ಯಾಪಾರಸ್ಥರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಬರೆಯಿಸಿದ ಮಾತ್ರಕ್ಕೆ ಆ ತೆರಿಗೆಯನ್ನು ಜಮೆ ಪಡೆಯಲಾಗದು. ಊಟೋಪಚಾರದ ಮೇಲಿನ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ಸಾಮಾನ್ಯವಾಗಿ ತಡೆಯುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ವ್ಯಾಪಾರಕ್ಕಾಗಿಯೇ ಆದ ಖರ್ಚಾಗಿದ್ದರೆ ಖರ್ಚೆಂದು ತೋರಿಸಬಹುದು. ಆದರೆ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಪಾವತಿಸಿದ ಖರ್ಚು ಒಪ್ಪಿತವಾಗುವುದಿಲ್ಲ.

ಬಾಡಿಗೆ ಮತ್ತು ಮರಳಿ ಬಾರದ ತೆರಿಗೆ

ಮಾಲ್‌ಗಳ ಬಾಡಿಗೆ ಕರಾರು ಊರಿನ ಅಂಗಡಿಯ ಕರಾರಿನಂತಲ್ಲ. ಗೊತ್ತುಪಡಿಸಿದ ಕನಿಷ್ಠ ಬಾಡಿಗೆ ಅಥವಾ ವಹಿವಾಟಿನ ಇಂತಿಷ್ಟು ಪಾಲು, ಇವೆರಡರಲ್ಲಿ ಹೆಚ್ಚಿನದನ್ನು ಕೊಡಬೇಕೆಂಬುದು ಅಲ್ಲಿ ರೂಢಿಯಲ್ಲಿರುವ ಷರತ್ತು. ಇದರ ಮೇಲೆ ಸಾಮಾನ್ಯ ಜಾಗಗಳ ನಿರ್ವಹಣಾ ವೆಚ್ಚ ಬೇರೆ.

ವಾಣಿಜ್ಯ ಕಟ್ಟಡದ ಬಾಡಿಗೆಗೆ ತೆರಿಗೆ ಶೇಕಡಾ 18. ತಿಂಗಳಿಗೆ 1,00,000 ರೂಪಾಯಿ ಬಾಡಿಗೆಯಾದರೆ 18,000 ರೂಪಾಯಿ ತೆರಿಗೆ. ಅದೇ ಮಾಲ್‌ನ ಬಟ್ಟೆ ಅಂಗಡಿಯವರು ಈ ಮೊತ್ತವನ್ನು ತಮ್ಮ ಮಾರಾಟದ ತೆರಿಗೆಗೆ ವಜಾ ಹಾಕಿಕೊಳ್ಳುತ್ತಾರೆ. ಶೇಕಡಾ 5ರ ದರದ ಹೋಟೆಲಿಗೆ ಆ ಅವಕಾಶವಿಲ್ಲ. ಡೀಪ್ ಫ್ರೀಜರ್, ಹವಾನಿಯಂತ್ರಣ ಯಂತ್ರ, ವಾಣಿಜ್ಯ ಬಳಕೆಯ ಗ್ಯಾಸ್ ಸಿಲಿಂಡರ್ ಇವುಗಳ ಮೇಲಿನ ತೆರಿಗೆಯೂ ಹೀಗೆಯೇ ಅಸಲಿಗೆ ಸೇರುತ್ತದೆ. ಗ್ರಾಹಕನ ಬಿಲ್ಲಿನಲ್ಲಿ ಕಾಣುವ ತೆರಿಗೆ ಶೇಕಡಾ 5 ಮಾತ್ರವಾದರೂ, ಕಾಣದ ತೆರಿಗೆ ಖಾದ್ಯದ ದರದೊಳಗೇ ಅಡಗಿರುತ್ತದೆ.

ತಟ್ಟೆಗೆ ಬರುವ ಮೀನಿನ ನಿಜವಾದ ಅಸಲು

ಮೀನನ್ನು ತೂಕದಲ್ಲಿ ಕೊಂಡು ತುಂಡಿನಲ್ಲಿ ಮಾರುವ ವ್ಯಾಪಾರವಿದು. ತಲೆ, ಕರುಳು, ರೆಕ್ಕೆ, ಹುರುಪೆ ತೆಗೆದ ಮೇಲೆ ಉಳಿಯುವುದು ಕೊಂಡ ತೂಕದ ಮೂರನೆಯ ಎರಡರಷ್ಟು. ಸಿಗಡಿಯಲ್ಲಿ ಸುಮಾರು ಅರ್ಧ. ಏಡಿಯಲ್ಲಿ ಇನ್ನೂ ಕಡಿಮೆ.

ಒಂದು ಉದಾಹರಣೆಯನ್ನು ನೋಡಬಹುದು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು. ಕಿಲೋಗೆ 700 ರೂಪಾಯಿಯಂತೆ 10 ಕಿಲೋ ಅಂಜಲ್ ಕೊಂಡರೆ 7,000 ರೂಪಾಯಿ. ಮಂಜುಗಡ್ಡೆ ಮತ್ತು ಸಾಗಣೆಗೆ 500 ರೂಪಾಯಿ. ಒಟ್ಟು 7,500. ಸ್ವಚ್ಛಗೊಳಿಸಿದ ಮೇಲೆ 6.5 ಕಿಲೋ ಉಳಿದರೆ 150 ಗ್ರಾಂನ 43 ತುಂಡುಗಳಾಗುತ್ತವೆ. ಮೇಲ್ನೋಟದ ಲೆಕ್ಕದಲ್ಲಿ ಒಂದು ತುಂಡಿನ ಅಸಲು 105 ರೂಪಾಯಿ. ನಿಜವಾದ ಅಸಲು ಸುಮಾರು 174 ರೂಪಾಯಿ.

ಊಟದ ದರ 300 ರೂಪಾಯಿ ಎಂದಿರಲಿ. ಅಕ್ಕಿ, ಎಣ್ಣೆ, ಮಸಾಲೆ, ಗ್ಯಾಸಿಗೆ 51 ರೂಪಾಯಿ ಕಳೆದರೆ ಒಂದು ಊಟಕ್ಕೆ ಸುಮಾರು 75 ರೂಪಾಯಿ ಮಿಗುತ್ತದೆ. 43 ಊಟಗಳೂ ಹೋದ ದಿನ ಮಿಗತೆ 3,207 ರೂಪಾಯಿ. ಐದು ತುಂಡು ಮಾರಾಟವಾಗದೆ ಕೆಟ್ಟರೆ ಅದು 1,962 ರೂಪಾಯಿಗೆ ಇಳಿಯುತ್ತದೆ. ಸರಕಿನಲ್ಲಿ ಕೆಟ್ಟದ್ದು ಶೇಕಡಾ 12ರಷ್ಟು. ಮಿಗತೆಯಲ್ಲಿ ಹೋದದ್ದು ಶೇಕಡಾ 39ರಷ್ಟು. ಕಿರಾಣಿ ವ್ಯಾಪಾರದಲ್ಲಿ ಇಂದು ಉಳಿದ ಸರಕು ನಾಳೆಗೆ ಹೋಗುತ್ತದೆ. ಮೀನಿನಲ್ಲಿ ಹಾಗಲ್ಲ.

ಇದನ್ನು ನಾಳೆಗೆ ಹಾಕಿ ನಷ್ಟ ತುಂಬಿಕೊಳ್ಳುವ ಯೋಚನೆ ಅಪಾಯಕಾರಿ. ಉಷ್ಣ ಪ್ರದೇಶದಲ್ಲಿ ಮೀನಿನ ತೂಕದಷ್ಟೇ ತೂಕದ ಮಂಜುಗಡ್ಡೆ ಬೇಕೆಂಬುದು ಸಾಮಾನ್ಯ ನಿಯಮ. ತಂಪು ತಪ್ಪಿದ ಬಂಗುಡೆಯಂತಹ ಮೀನಿನಲ್ಲಿ ಹಿಸ್ಟಮೀನ್ ಎಂಬ ವಿಷಕಾರಿ ಅಂಶ ಬೆಳೆಯುತ್ತದೆ. ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ಸಣ್ಣ ಊರಿನಲ್ಲಿ ಒಬ್ಬ ಗ್ರಾಹಕನಿಗೆ ಆರೋಗ್ಯ ಕೆಟ್ಟರೆ ಸುದ್ದಿ ಸಂಜೆಯೊಳಗೆ ಸಂತೆ ಸೇರುತ್ತದೆ.

ಎರಡು ತಿಂಗಳ ನಿಷೇಧ, ಅದರ ಹಿಂದೆಯೇ ಶ್ರಾವಣ

ಹಿಂದೆ ರಾಷ್ಟ್ರೀಯ ಹೆದ್ದಾರಿ 13 ಎನಿಸಿದ್ದ ಸೊಲ್ಲಾಪುರ–ಮಂಗಳೂರು ರಸ್ತೆ ಕೂಡ್ಲಿಗಿಯ ಮೂಲಕವೇ ಹಾದುಹೋಗಿತ್ತು. ಕೂಡ್ಲಿಗಿಯ ಭಾಗಕ್ಕೆ ಇಂದು 50ನೆಯ ಹೆದ್ದಾರಿಯ ಸಂಖ್ಯೆ ಇದೆ. ಮಂಗಳೂರಿನ ದಕ್ಕೆಯಿಂದ ಕೂಡ್ಲಿಗಿಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಯಾದರೂ ಲಾರಿಗೆ ಅದು ಒಂದು ರಾತ್ರಿಯ ಪ್ರಯಾಣ. ಹೀಗಾಗಿ ದೂರವು ದಾಟಲಾರದ ಅಡ್ಡಿಯಲ್ಲ. ದೊಡ್ಡ ಅಡ್ಡಿ ಇರುವುದು ಪಂಚಾಂಗದಲ್ಲಿ.

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆಗ ಬರುವ ಮೀನು ಕಡಿಮೆ, ದರ ಹೆಚ್ಚು. ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಹೊತ್ತಿಗೆ ಶ್ರಾವಣ ಬಂದಿರುತ್ತದೆ. ಈ ಭಾಗದ ಅನೇಕ ಮನೆಗಳಲ್ಲಿ ಆ ತಿಂಗಳು ಮಾಂಸಾಹಾರವಿಲ್ಲ. ಉಳಿದ ತಿಂಗಳುಗಳಲ್ಲಿಯೂ ಸೋಮವಾರ, ಹಬ್ಬ, ಜಾತ್ರೆಗಳ ದಿನ ಗಿರಾಕಿ ವಿರಳ. ಮೊದಲ ಎರಡು ತಿಂಗಳು ಮೀನಿಲ್ಲ. ಮೂರನೆಯ ತಿಂಗಳು ತಿನ್ನುವವರಿಲ್ಲ. ನಾನಾ ಊರಿನ ಜನ ಬಂದು ಸೇರುವ ಬೆಂಗಳೂರಿನ ಮಾಲ್‌ನ ಹೋಟೆಲಿಗೆ ಈ ಪೆಟ್ಟು ಅಷ್ಟಾಗಿ ತಟ್ಟುವುದಿಲ್ಲ. ಕೊಟ್ಟೂರಿನಂತಹ ಊರಿನ ಹೋಟೆಲಿಗೆ ತಟ್ಟದೆ ಇರುವುದಿಲ್ಲ.

ಬಾಡಿಗೆ 15,000, ಸಂಬಳ 35,000, ವಿದ್ಯುತ್ತು ಮತ್ತಿತರ ಬಾಬ್ತು 10,000, ಹೀಗೆ ತಿಂಗಳಿಗೆ 60,000 ರೂಪಾಯಿ ತಪ್ಪದ ಖರ್ಚು ಇದೆಯೆಂದು ಭಾವಿಸಿದರೆ ವರ್ಷಕ್ಕೆ 7,20,000. ಇದನ್ನು ಒಂಬತ್ತು ತಿಂಗಳಲ್ಲಿಯೇ ದುಡಿಯಬೇಕಾದರೆ ತಿಂಗಳಿಗೆ 80,000. ವ್ಯಾಪಾರದ 25 ದಿನಗಳಿಗೆ ಹಂಚಿದರೆ ದಿನಕ್ಕೆ 3,200. ಮೇಲಿನ ಲೆಕ್ಕದಲ್ಲಿ ಒಂದು ಪೆಟ್ಟಿಗೆ ಪೂರ್ತಿ ಮಾರಿದರೆ ಸಿಗುವ ಮಿಗತೆ 3,207. ಅಂದರೆ ಒಂದು ತುಂಡೂ ಉಳಿಯದಂತೆ ದಿನವೂ ಮಾರಿದರೆ ಮಾತ್ರ ಖರ್ಚು ಸರಿಹೋಗುತ್ತದೆ. ಸಾಲದ ಬಡ್ಡಿ ಮತ್ತು ಮಾಲೀಕನ ಜೀವನೋಪಾಯ ಇದರಲ್ಲಿ ಇನ್ನೂ ಸೇರಿಲ್ಲ.

ಹತ್ತಿರದ ನೀರು, ಹತ್ತಿರದ ಮೀನು

ಹೀಗೆಂದ ಮಾತ್ರಕ್ಕೆ ಈ ಐದು ತಾಲ್ಲೂಕುಗಳಲ್ಲಿ ಮೀನೂಟದ ಹೋಟೆಲಿಗೆ ಅವಕಾಶವಿಲ್ಲವೆಂದಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಪೂರ್ಣಮಟ್ಟದ ಜಲವಿಸ್ತಾರ ಸುಮಾರು 378 ಚದರ ಕಿಲೋಮೀಟರು. ಅದರ ಹಿನ್ನೀರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನೊಳಕ್ಕೆ ಚಾಚಿದೆ. ಅದೇ ತಾಲ್ಲೂಕಿನಲ್ಲಿ ಮಾಲವಿ ಜಲಾಶಯವೂ ಇದೆ. ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆಯೇ ಹರಿಯುತ್ತಾಳೆ. ಕೂಡ್ಲಿಗಿ, ಕೊಟ್ಟೂರುಗಳು ಒಣಭೂಮಿಯ ತಾಲ್ಲೂಕುಗಳಾದರೂ ಮಳೆ ಚೆನ್ನಾದ ವರ್ಷ ಕೆರೆಗಳು ತುಂಬುತ್ತವೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ರಾತ್ರಿಯಿಡೀ ಲಾರಿ ಓಡಬೇಕಿಲ್ಲ. ಕಡಲಿನ ನಿಷೇಧವು ಹೊಂಡಗಳಲ್ಲಿ ಸಾಕಿದ ಮೀನಿಗೆ ಅನ್ವಯಿಸುವುದೂ ಇಲ್ಲ.

ಮೇಲಿನ ಲೆಕ್ಕವನ್ನೇ ಕಾಟ್ಲಾಕ್ಕೆ ಮಾಡಿ ನೋಡಬಹುದು. ಕಿಲೋಗೆ 200 ರೂಪಾಯಿಯಂತೆ 10 ಕಿಲೋ, ಮಂಜುಗಡ್ಡೆ ಮತ್ತು ಸಾಗಣೆಗೆ 100 ರೂಪಾಯಿ, ಒಟ್ಟು 2,100. ಅಷ್ಟೇ 43 ತುಂಡುಗಳಾದರೆ ತುಂಡಿಗೆ ಸುಮಾರು 49 ರೂಪಾಯಿ. ಊಟದ ದರ 150 ರೂಪಾಯಿ ಇಟ್ಟರೆ ಮಿಗುವುದು 50. ಶ್ರಾವಣದ ಒಂದು ತಿಂಗಳನ್ನು ಬಿಟ್ಟು ಹನ್ನೊಂದು ತಿಂಗಳು ವ್ಯಾಪಾರವೆಂದುಕೊಂಡರೆ ಖರ್ಚು ಸರಿಹೋಗಲು ದಿನಕ್ಕೆ 53 ಊಟ ಹೋಗಬೇಕು. ಊಟಗಳ ಸಂಖ್ಯೆ ಹೆಚ್ಚಾಯಿತು, ನಿಜ. ಆದರೆ 150 ರೂಪಾಯಿಯ 53 ಊಟಗಳಿಗೂ 300 ರೂಪಾಯಿಯ 43 ಊಟಗಳಿಗೂ ತಾಲ್ಲೂಕು ಕೇಂದ್ರದಲ್ಲಿ ಬಹಳ ಅಂತರವಿದೆ. 43ರಲ್ಲಿ ಐದು ತುಂಡು ಉಳಿದರೆ ಇಲ್ಲಿನ ಮಿಗತೆಯಲ್ಲಿ ಕಡಿಮೆಯಾಗುವುದು 495 ರೂಪಾಯಿ, ಅಂಜಲ್‌ನಲ್ಲಿ 1,245. ಬೆಳಿಗ್ಗೆ ಹಾಕಬೇಕಾದ ಬಂಡವಾಳವೂ ಮೂರನೆಯ ಒಂದಕ್ಕಿಂತ ಕಡಿಮೆ.

ಆದುದರಿಂದ ನಿತ್ಯದ ಊಟಕ್ಕೆ ಸಿಹಿನೀರಿನ ಮೀನು, ವಾರದ ಗೊತ್ತಾದ ಒಂದೆರಡು ದಿನ ಮುಂಗಡ ಬೇಡಿಕೆಯಷ್ಟೇ ಸಮುದ್ರ ಮೀನು ಎಂಬ ಕ್ರಮವೇ ಇಲ್ಲಿಗೆ ಹೊಂದುವಂಥದು. ಮಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ, 1970ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮವು ‘ಮತ್ಸ್ಯದರ್ಶಿನಿ’ ಎಂಬ ಹೆಸರಿನ ಹೋಟೆಲುಗಳ ಮೂಲಕ ಕರಾವಳಿಯಾಚೆಗೂ ಮೀನೂಟದ ರುಚಿ ಹತ್ತಿಸಿದೆ. ಹೊಸಬರು ಅವುಗಳಲ್ಲೊಂದನ್ನು ನೋಡಿಬರುವುದು ಮಾಲ್‌ನ ಹೋಟೆಲನ್ನು ನೋಡಿಬರುವುದಕ್ಕಿಂತ ಉಪಯುಕ್ತ.

ತೆರಿಗೆಯಲ್ಲಿ ಯಾವ ದಾರಿ?

ಹೋಟೆಲಿನ ಊಟ ಸೇವೆಯೆನಿಸುವುದರಿಂದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದಿನಕ್ಕೆ 150 ರೂಪಾಯಿಯ 53 ಊಟ ಮಾರಿದರೂ ಹನ್ನೊಂದು ತಿಂಗಳಲ್ಲಿ ಈ ಮಿತಿ ದಾಟುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದ ಪ್ರಸಂಗವನ್ನು ಯಾರೂ ಮರೆತಿಲ್ಲ.

ನೋಂದಣಿಯಾದ ಮೇಲೆ ಎರಡು ದಾರಿಗಳಿವೆ. ಸಾಮಾನ್ಯ ಪದ್ಧತಿಯಲ್ಲಿ ಶೇಕಡಾ 5ನ್ನು ಗ್ರಾಹಕನಿಂದ ಪಡೆದು ಕಟ್ಟಬೇಕು. ವಹಿವಾಟು 1.5 ಕೋಟಿಯವರೆಗಿದ್ದರೆ ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಪದ್ಧತಿಯನ್ನು ಆರಿಸಿಕೊಳ್ಳಬಹುದು. ದರ ಅಲ್ಲಿಯೂ ಶೇಕಡಾ 5. ಆದರೆ ಅದನ್ನು ಗ್ರಾಹಕನಿಂದ ಪ್ರತ್ಯೇಕವಾಗಿ ಪಡೆಯುವಂತಿಲ್ಲ. ಮದ್ಯ ಮಾರುವ ಬಾರ್ ಅಂಡ್ ರೆಸ್ಟೋರೆಂಟಿಗೆ ಈ ಪದ್ಧತಿ ಲಭ್ಯವಿಲ್ಲ.

ಬಾಡಿಗೆಯ ಒಂದು ಅಂಶ ಇಲ್ಲಿ ಮುಖ್ಯ. 2024ರ ಅಕ್ಟೋಬರ್ 10ರಿಂದ, ಕಟ್ಟಡದ ಮಾಲೀಕನಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಾಡಿಗೆಯ ಮೇಲಿನ ಶೇಕಡಾ 18 ತೆರಿಗೆಯನ್ನು ನೋಂದಾಯಿತ ಬಾಡಿಗೆದಾರನೇ ರಿವರ್ಸ್ ಚಾರ್ಜ್ ಕ್ರಮದಲ್ಲಿ ಕಟ್ಟಬೇಕು. 15,000 ರೂಪಾಯಿ ಬಾಡಿಗೆಗೆ ತಿಂಗಳಿಗೆ 2,700 ರೂಪಾಯಿ. ಸಾಮಾನ್ಯ ಪದ್ಧತಿಯ ಹೋಟೆಲಿಗೆ ಇದು ಮರಳಿ ಬಾರದು. ಕಾಂಪೋಸಿಷನ್ ಪದ್ಧತಿಯವರನ್ನು 2025ರ ಜನವರಿ 16ರಿಂದ ಈ ಹೊಣೆಯಿಂದ ಹೊರಗಿಡಲಾಗಿದೆ. ಪದ್ಧತಿಯ ಆಯ್ಕೆ ಮಾಡುವಾಗ ಈ ಮೊತ್ತವನ್ನೂ ತೂಗಿ ನೋಡಬೇಕು.

ತೆರೆಯುವ ಮುನ್ನ

ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ, ಪುರಸಭೆ ಇಲ್ಲವೇ ಪಟ್ಟಣ ಪಂಚಾಯಿತಿಯ ಉದ್ದಿಮೆ ಪರವಾನಗಿ ಇವು ಮೊದಲ ಕೆಲಸಗಳು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮಂಜುಗಡ್ಡೆ ಘಟಕ, ಐಸ್ ಪೆಟ್ಟಿಗೆ ಸಹಿತ ವಾಹನ, ಮೀನು ಮಾರಾಟ ಮಳಿಗೆಗಳಿಗೆ ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 60ರ ಸಹಾಯಧನದ ಅವಕಾಶ ಕಲ್ಪಿಸಲಾಗಿತ್ತು. ಈ ವರ್ಷ ಲಭ್ಯವಿರುವ ನೆರವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಯೋಜನಾ ವರದಿ ಸಿದ್ಧಪಡಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಒಂದು ಪುಸ್ತಕ. ದಿನವೂ ಕೊಂಡ ತೂಕ, ಸ್ವಚ್ಛಗೊಳಿಸಿದ ತೂಕ, ಮಾರಿದ ತುಂಡು, ಉಳಿದ ತುಂಡು ಎಂಬ ನಾಲ್ಕು ಕಾಲಮುಗಳು ಅದರಲ್ಲಿದ್ದರೆ ಸಾಕು. ಸಾಲಕ್ಕೆ ಸಹಿ ಹಾಕುವ ಮುನ್ನ ಮೂರು ತಿಂಗಳು ಸಣ್ಣ ಪ್ರಮಾಣದಲ್ಲಿ, ಈಗಿರುವ ಖಾನಾವಳಿಯ ಜೊತೆಯಲ್ಲಿಯೇ ಮೀನೂಟ ನಡೆಸಿ ಈ ಪುಸ್ತಕವನ್ನು ಬರೆಯಬೇಕು. ಆ ಮೂರು ತಿಂಗಳಲ್ಲಿ ಶ್ರಾವಣವೂ ಒಂದಾಗಿರಲಿ. ಆಗಲೂ ಲೆಕ್ಕ ಸರಿಹೋದರೆ ಹೋಟೆಲಿಗೆ ಬೋರ್ಡು ಬರೆಯಿಸಬಹುದು.