ಗಟಾರಕ್ಕೆ ಒಬ್ಬರು, ಲೋಕಲ್‌ಗೆ ಇನ್ನೊಬ್ಬರು: ಶಾಸಕರಲ್ಲಿ ನಾವು ಕೇಳಬೇಕಾದ್ದೇನು?



ನಲ್ಲಿಯಲ್ಲಿ ನೀರಿಲ್ಲದಿದ್ದರೂ ಶಾಸಕರು, ಲೋಕಲ್ ತಡವಾದರೂ ಶಾಸಕರು, ಗಟಾರ ಕಟ್ಟಿಕೊಂಡರೂ ಶಾಸಕರು! ಥಾಣೆಯಿಂದ ಕಲ್ಯಾಣದವರೆಗೆ ನಮ್ಮ ಬೈಗುಳವೆಲ್ಲ ಒಬ್ಬರ ಪಾಲಿಗೇ. ಆದರೆ ಯಾರ ಕೆಲಸ ಯಾವುದು ಎಂದು ತಿಳಿದರೆ, ಕೇಳುವ ಮಾತಿಗೂ ತೂಕ ಬರುತ್ತದೆ, ಅಲ್ಲವೇ?

ಗಟಾರ, ಕಸ, ಗಲ್ಲಿಯ ರಸ್ತೆ ಪಾಲಿಕೆಯದು. ಅಲ್ಲಿ ನಮ್ಮವರು ನಗರಸೇವಕರು. ರೈಲ್ವೆ ಕೇಂದ್ರದ್ದು, ಅದನ್ನು ಕೇಳಬೇಕಾದವರು ಸಂಸದರು. ಇವೆರಡರ ನಡುವೆ ಇರುವ ರಾಜ್ಯದ ಕಾನೂನು, ರಾಜ್ಯದ ಬಜೆಟ್, ರಾಜ್ಯದ ಇಲಾಖೆಗಳು ಶಾಸಕರ ಅಂಗಳ.

ನಮ್ಮಲ್ಲಿ ಈ ಗೊಂದಲ ಹೆಚ್ಚಾಗಲು ಒಂದು ಕಾರಣವೂ ಇದೆ. ನವಿಮುಂಬಯಿ ಮತ್ತು ಕಲ್ಯಾಣ-ಡೊಂಬಿವಲಿ ಪಾಲಿಕೆಗಳ ಅವಧಿ 2020ರಲ್ಲಿ, ಥಾಣೆಯದು 2022ರಲ್ಲಿ ಮುಗಿಯಿತು. ಮತ್ತೆ ಮತದಾನ ನಡೆದದ್ದು 2026ರ ಜನವರಿ 15ರಂದು. ಅಷ್ಟು ವರ್ಷ ಆಡಳಿತಾಧಿಕಾರಿಗಳ ಕೈಯಲ್ಲಿ ಪಾಲಿಕೆ. ನಗರಸೇವಕರೇ ಇಲ್ಲದಾಗ ಗಟಾರದ ದೂರೂ ಶಾಸಕರ ಕಚೇರಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು?

ಊರು ಬೆಳೆದಂತೆ ವಿಧಾನಸಭೆಯಲ್ಲಿ ನಮ್ಮ ದನಿಯೂ ಬೆಳೆದಿದೆ. ಹಿಂದೆ ಇಡೀ ಥಾಣೆ ಜಿಲ್ಲೆಗೆ 13 ಶಾಸಕರಿದ್ದರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಅದು 24 ಆಯಿತು. 2014ರಲ್ಲಿ ಪಾಲಘರ್ ಬೇರೆ ಜಿಲ್ಲೆಯಾದ ಮೇಲೂ ನಮ್ಮಲ್ಲಿ 18 ಮಂದಿ ಉಳಿದರು. 288 ಸ್ಥಾನಗಳ ಸದನದಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ಹಾಗಾದರೆ ಅವರು ಮೊದಲು ಹಿಡಿಯಬೇಕಾದದ್ದು ಯಾವುದು?

ಮೊದಲನೆಯದು ಜೀವ. 2016ರ ಮೇ 26 ಮತ್ತು 2024ರ ಮೇ 23, ಎರಡು ಸಲವೂ ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಹಲವರು ಸತ್ತರು. ಸುತ್ತಲಿನ ಮನೆಗಳ ಗಾಜು ಪುಡಿಯಾಯಿತು. ಕೈಗಾರಿಕೆಗೆ ಜಾಗ ಕೊಡುವವರು, ಕಾರ್ಖಾನೆಯ ಸುರಕ್ಷತೆ ನೋಡುವವರು, ಮಾಲಿನ್ಯ ತಪಾಸಣೆ ಮಾಡುವವರು, ಈ ಮೂರೂ ರಾಜ್ಯದ ಕೈಕೆಳಗೇ ಇದ್ದಾರೆ. ಕಟ್ಟಡಗಳ ಕಥೆಯೂ ಹಾಗೆಯೇ. 2013ರ ಏಪ್ರಿಲ್ 4ರಂದು ಮುಂಬ್ರಾ ಬಳಿ ಅನಧಿಕೃತ ಕಟ್ಟಡ ಕುಸಿದು 74 ಮಂದಿ ಪ್ರಾಣ ಬಿಟ್ಟರು. ಪರವಾನಗಿ ಕೊಡುವುದು ಪಾಲಿಕೆ. ಆದರೆ ನಗರ ಯೋಜನೆಯ ಕಾನೂನು ಮಾಡುವುದು ವಿಧಾನಸಭೆ.

ಎರಡನೆಯದು ನೀರು. ನವಿಮುಂಬಯಿಗೆ ತನ್ನದೇ ಮೊರ್ಬೆ ಅಣೆಕಟ್ಟಿದೆ. ಕಲ್ಯಾಣ, ಡೊಂಬಿವಲಿಗಳಿಗೆ ಉಲ್ಹಾಸ್ ನದಿಯೇ ಆಸರೆ. ಬಾರ್ವಿ ಅಣೆಕಟ್ಟು ಎಂಐಡಿಸಿಯದು. ಯಾವ ಊರಿಗೆ ಎಷ್ಟು ನೀರು ಎಂಬ ತೀರ್ಮಾನ ರಾಜ್ಯಮಟ್ಟದ್ದು. ಹೊಸ ಟವರುಗಳಿಗೆ ಅನುಮತಿ ಸಿಗುವ ಮೊದಲೇ ಶಾಸಕರು ಈ ಲೆಕ್ಕ ಕೇಳಬೇಕು.

ಮೂರನೆಯದು ಓಡಾಟ. ಮೆಟ್ರೋ, ದೊಡ್ಡ ಸೇತುವೆಗಳನ್ನು ನೋಡಿಕೊಳ್ಳುವ ಎಂಎಂಆರ್‌ಡಿಎ ಕೂಡ ರಾಜ್ಯ ಸರಕಾರದ್ದೇ. ರೈಲು ಕೇಂದ್ರದ್ದಾದರೂ, ಉಪನಗರ ರೈಲು ಯೋಜನೆಗಳ ಎಂಆರ್‌ವಿಸಿಯಲ್ಲಿ ರಾಜ್ಯಕ್ಕೆ 49 ಶೇಕಡಾ ಪಾಲಿದೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಲೋಕಲಿನ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತದ್ದನ್ನು ಮರೆಯುವಂತಿಲ್ಲ. ರೈಲು ನಮ್ಮದಲ್ಲ ಎಂದು ಶಾಸಕರು ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಕೊನೆಗೆ ನಮ್ಮ ಭಾಷೆಯ ಮಾತು. ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಅಚ್ಚು ಮಾಡುತ್ತದೆ. ಸಂವಿಧಾನದ 350ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಏರ್ಪಾಡು ಮಾಡಲು ರಾಜ್ಯ ಶ್ರಮಿಸಬೇಕು. ಕನ್ನಡ ಶಿಕ್ಷಕರ ಬಗ್ಗೆ ಕೇಳುವುದು ಯಾರ ದಾಕ್ಷಿಣ್ಯವೂ ಅಲ್ಲ, ಹಕ್ಕು.

ಕೇಳುವುದು ಹೇಗೆ? ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ: ಬಜೆಟ್ ಮತ್ತು ಮಳೆಗಾಲದ್ದು ಮುಂಬಯಿಯಲ್ಲಿ, ಚಳಿಗಾಲದ್ದು ನಾಗಪುರದಲ್ಲಿ. ಅದಕ್ಕೆ ಸಾಕಷ್ಟು ಮುಂಚೆಯೇ ಸೊಸೈಟಿಯ ಅಥವಾ ಸಂಘದ ಹೆಸರಲ್ಲಿ, ಮರಾಠಿಯಲ್ಲಿ, ಒಂದೇ ವಿಷಯದ ಪತ್ರ ಕೊಡಿ. ಇದನ್ನು ಸದನದಲ್ಲಿ ಪ್ರಶ್ನೆಯಾಗಿ ಎತ್ತುತ್ತೀರಾ ಎಂದು ಕೇಳಿ. ಅಲ್ಲಿ ಮಂತ್ರಿ ಕೊಟ್ಟ ಉತ್ತರ ದಾಖಲೆಯಾಗಿ ಉಳಿಯುತ್ತದೆ.

ಗಣೇಶೋತ್ಸವದ ಮಂಟಪಕ್ಕೆ ಶಾಸಕರನ್ನು ಕರೆದು ಶಾಲು ಹೊದಿಸುತ್ತೇವಲ್ಲ, ಈ ಸಲ ಶಾಲಿನ ಜತೆಗೆ ಒಂದು ಪತ್ರವೂ ಇರಲಿ. ಆಗಬಹುದೇ?