ಸಕ್ಕರೆ ಕಾಯಿಲೆ ಇರುವ ರೈತರು ಪಾದದ ಗಾಯವನ್ನು ಕಡೆಗಣಿಸಬಾರದು

ಎತ್ತು ಸಾಕಿದ ರೈತ ಸಂಜೆ ಮನೆಗೆ ಬಂದೊಡನೆ ಅದರ ಕಾಲು ತೊಳೆಯುತ್ತಾನೆ. ಗೊರಸಿನ ಸಂದಿನಲ್ಲಿ ಕಲ್ಲು ಸಿಕ್ಕಿದೆಯೇ, ಲಾಳ ಸಡಿಲವಾಗಿದೆಯೇ ಎಂದು ನೋಡುತ್ತಾನೆ. ಎತ್ತು ಸ್ವಲ್ಪ ಕುಂಟಿದರೂ ಮಾರನೆಯ ದಿನ ಅದಕ್ಕೆ ನೊಗ ಹೂಡುವುದಿಲ್ಲ. ಅದೇ ರೈತನನ್ನು, ನಿಮ್ಮ ಅಂಗಾಲನ್ನು ತಿರುಗಿಸಿ ನೋಡಿ ಎಷ್ಟು ದಿನವಾಯಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಉದಾಸೀನ ಕಾಲನ್ನೇ ಕಳೆಯಬಹುದು.

ಇದು ಪೇಟೆಯವರ, ಕುಳಿತು ಉಣ್ಣುವವರ ಕಾಯಿಲೆ ಎಂಬ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹಳ್ಳಿಗಳೂ ಇದಕ್ಕೆ ಹೊರತಲ್ಲ. ಪೇಟೆಯವರಿಗಿಂತ ಬೇಸಾಯಗಾರರ ಪಾದಕ್ಕೆ ಅಪಾಯ ಹೆಚ್ಚು. ಕಬ್ಬಿನ ಕೂಳೆ, ಜಾಲಿಮುಳ್ಳು, ಕೆಸರುಗದ್ದೆ, ಕಾದ ಕಣ, ಇವೆಲ್ಲದರ ಮೇಲೆ ನಮ್ಮವರು ಬರಿಗಾಲಲ್ಲಿ ಓಡಾಡುತ್ತಾರೆ.

ನೋವಿಲ್ಲದಿರುವುದೇ ಅಪಾಯ

ರಕ್ತದಲ್ಲಿ ಸಕ್ಕರೆ ಹಲವು ವರ್ಷ ಹೆಚ್ಚಾಗಿಯೇ ಉಳಿದರೆ ಪಾದದ ನರಗಳು ಹಾಳಾಗುತ್ತವೆ. ಮೊದಲು ಜೋಮು, ಉರಿ, ಇರುವೆ ಹರಿದ ಹಾಗೆ ಅನಿಸುವುದು. ಬರಬರುತ್ತಾ ಸ್ಪರ್ಶವೇ ತಿಳಿಯದಂತಾಗುತ್ತದೆ. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಚುಚ್ಚಿದ ಮುಳ್ಳಿನ ಮೇಲೆಯೇ ಸಂಜೆಯವರೆಗೆ ನಡೆದವರಿದ್ದಾರೆ. ನೆಲದ ಮೇಲೆ ಮಲಗಿದಾಗ ಇಲಿ ಬೆರಳು ಕಡಿದರೂ ಎಚ್ಚರವಾಗದ ಪ್ರಸಂಗಗಳುಂಟು.

"ನೋವೇ ಇಲ್ಲವಲ್ಲ, ತಾನಾಗಿಯೇ ಒಣಗುತ್ತದೆ" ಎಂದು ರೋಗಿ ಸುಮ್ಮನಿರುತ್ತಾನೆ. ನೋವಿದ್ದಿದ್ದರೆ ಆ ಕಾಲನ್ನು ಊರುತ್ತಿರಲಿಲ್ಲ. ಇಲ್ಲದ್ದರಿಂದ ದಿನವೂ ಅದೇ ಗಾಯವನ್ನು ತುಳಿಯುತ್ತಾನೆ, ಗಾಯ ಒಳಗೊಳಗೇ ಎಲುಬಿನವರೆಗೆ ಇಳಿಯುತ್ತದೆ.

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳಲ್ಲಿ ಇದನ್ನು ಕಂಡುಕೊಂಡರು. ಆ ರೋಗದಿಂದ ಬೆರಳುಗಳು ತಾವಾಗಿ ಉದುರುತ್ತವೆ ಎಂದು ಜನ ನಂಬಿದ್ದರು. ನೋವು ತಿಳಿಯದೆ ಮತ್ತೆ ಮತ್ತೆ ಆಗುವ ಗಾಯಗಳೇ ಪಾದವನ್ನು ಸವೆಸುತ್ತವೆ ಎಂದು ಅವರು ತೋರಿಸಿದರು. ಮುಂದೆ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳಿಗೂ ಇದೇ ತಿಳಿವಳಿಕೆ ಉಪಯೋಗಕ್ಕೆ ಬಂತು. ಕುಷ್ಠರೋಗಿಗಳಿಗೆ ಕೊಡುತ್ತಿದ್ದ ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿಯನ್ನು ಇಂದು ಇವರಿಗೂ ಸೂಚಿಸುತ್ತಾರೆ.

ಕೊನೆಯ ಗದ್ದೆಗೆ ನೀರು ಹರಿಯದಂತೆ

ಕಬಿನಿ, ವರುಣಾ ನಾಲೆಗಳ ರೈತರಿಗೆ ಒಂದು ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯ ಭಾಗದ ಗದ್ದೆ. ದೇಹದಲ್ಲಿ ಕಾಲ್ಬೆರಳುಗಳು ಅಂಥ ಕೊನೆಯ ಗದ್ದೆ ಇದ್ದಂತೆ. ಸಕ್ಕರೆ ಕಾಯಿಲೆಯಿಂದ ರಕ್ತನಾಳಗಳ ಒಳಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಬೀಡಿ, ಸಿಗರೇಟು ಅದನ್ನು ಇನ್ನಷ್ಟು ಕಿರಿದು ಮಾಡುತ್ತವೆ. ರಕ್ತ ತಲುಪದ ಕಡೆ ಗಾಯ ಮಾಯುವುದಿಲ್ಲ, ಔಷಧಿಯೂ ಸರಿಯಾಗಿ ಮುಟ್ಟುವುದಿಲ್ಲ. ಕೀವು ಸೇರಿ, ಬೆರಳು ಕಪ್ಪಾಗಿ ಕೊಳೆಯತೊಡಗಿದರೆ ಜೀವ ಉಳಿಸಲು ವೈದ್ಯರು ಅದನ್ನು ತೆಗೆಯಬೇಕಾಗುತ್ತದೆ.

ಒಂದು ಬೆರಳು ತೆಗೆದ ಮೇಲೆ

ಬೆರಳು ತೆಗೆದು, ಹೊಲಿಗೆ ಒಣಗಿ ಮನೆಗೆ ಬಂದವರು ಗಂಡಾಂತರ ಕಳೆಯಿತೆಂದು ಭಾವಿಸುತ್ತಾರೆ. ನಿಜವಾಗಿ ಹೆಚ್ಚಿನ ಎಚ್ಚರಿಕೆ ಬೇಕಾಗುವುದು ಆಮೇಲೆ. ಹೆಬ್ಬೆರಳು ಹೋದರೆ ಅದು ಹೊರುತ್ತಿದ್ದ ಭಾರ ಪಕ್ಕದ ಬೆರಳುಗಳ ಮೇಲೂ ಅಂಗಾಲಿನ ಬೇರೆ ಜಾಗದ ಮೇಲೂ ಬೀಳುತ್ತದೆ. ಅಲ್ಲಿ ಚರ್ಮ ಜಡ್ಡುಗಟ್ಟಿ, ಅದರಡಿಯಲ್ಲಿ ಹೊಸ ಹುಣ್ಣು ಏಳುತ್ತದೆ. ಕುಂಟುತ್ತಾ ನಡೆಯುವುದರಿಂದ ಇನ್ನೊಂದು ಕಾಲಿಗೂ ಹೊರೆ. ಹಾಳಾದ ನರ, ಕಿರಿದಾದ ರಕ್ತನಾಳ ಮೊದಲಿನಂತೆಯೇ ಇರುತ್ತವೆ. ಹೀಗೆ ಬೆರಳಿನಿಂದ ಪಾದಕ್ಕೆ, ಪಾದದಿಂದ ಮೊಣಕಾಲಿನವರೆಗೆ, ಆಮೇಲೆ ಮತ್ತೊಂದು ಕಾಲಿಗೆ ಕತ್ತರಿ ಬರುವುದುಂಟು.

ಪೂರ್ತಿ ಮಾಯ್ದ ಹುಣ್ಣೂ 100 ಮಂದಿಯಲ್ಲಿ ಸುಮಾರು 40 ಮಂದಿಗೆ ಒಂದು ವರ್ಷದೊಳಗೆ, ಸುಮಾರು 65 ಮಂದಿಗೆ ಐದು ವರ್ಷದೊಳಗೆ ಮರುಕಳಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದಿದೆ. ಆದ್ದರಿಂದ ಒಮ್ಮೆ ಹುಣ್ಣಾದವರು, ಬೆರಳು ಕಳೆದುಕೊಂಡವರು ಗಾಯ ಇರಲಿ, ಇಲ್ಲದಿರಲಿ, 1ರಿಂದ 3 ತಿಂಗಳಿಗೊಮ್ಮೆ ಪಾದ ತೋರಿಸಬೇಕು. ಬೆರಳಿಲ್ಲದ ಪಾದಕ್ಕೆ ಹಳೆಯ ಚಪ್ಪಲಿ ಹೊಂದುವುದಿಲ್ಲ. ವೈದ್ಯರ ಸಲಹೆಯಂತೆ ಅಳತೆ ಕೊಟ್ಟು ಮಾಡಿಸಿದ್ದನ್ನೇ ಹಾಕಬೇಕು.

ಮನೆಯಲ್ಲೇ ಒಂದು ಪರೀಕ್ಷೆ

ಸ್ಪರ್ಶಜ್ಞಾನ ಉಳಿದಿದೆಯೇ ಎಂದು ತಿಳಿಯಲು ಮನೆಯವರ ಬೆರಳ ತುದಿ ಸಾಕು. ರೋಗಿ ಮಲಗಿ ಕಣ್ಣು ಮುಚ್ಚಿಕೊಳ್ಳಲಿ. ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು. ಮುಟ್ಟಿದಾಗಲೆಲ್ಲ ರೋಗಿ ಹೇಳಬೇಕು. ಈ ಆರು ಜಾಗಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು.

ದಿನನಿತ್ಯದ ಕ್ರಮಗಳು

1. ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಕಣ್ಣು ಮಂದವಿದ್ದರೆ ಮಗನೋ ಸೊಸೆಯೋ ನೋಡಲಿ.

2. ಪಾದ ತೊಳೆದು ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ಹಿಮ್ಮಡಿ ಒಡೆದಿದ್ದರೆ ಕೊಬ್ಬರಿ ಎಣ್ಣೆ ಸವರಬಹುದು, ಬೆರಳ ಸಂದಿಗೆ ಬೇಡ. ಬಿಸಿನೀರಿನ ಹದವನ್ನು ಮೊಣಕೈಯಿಂದ ನೋಡಿ. ಚಳಿಗೆ ಬೆಂಕಿಯ ಮುಂದೆ ಕಾಲು ಕಾಯಿಸುವುದು ಅಪಾಯ.

3. ಆಣಿ, ಜಡ್ಡುಗಳನ್ನು ಬ್ಲೇಡಿನಿಂದ ಕೊಯ್ಯಬಾರದು. ಆಣಿಪಟ್ಟಿ ಅಂಟಿಸಬಾರದು. ಉಗುರನ್ನು ನೇರವಾಗಿ ಕತ್ತರಿಸಬೇಕು.

4. ಮನೆಯೊಳಗೂ ಚಪ್ಪಲಿ ಇರಲಿ. ಹೊಸದನ್ನು ಸಂಜೆ ಹೊತ್ತು ಕೊಳ್ಳಬೇಕು, ಆಗ ಪಾದ ಸ್ವಲ್ಪ ಊದಿರುತ್ತದೆ. ಹಾಕುವ ಮುನ್ನ ಕೊಡವಿ, ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

5. ಸ್ಪರ್ಶ ಕುಂದಿದವರು ಬರಿಗಾಲಲ್ಲಿ ಕೆಸರಿಗಿಳಿಯಬಾರದು. ನಾಟಿಯನ್ನು ಬೇರೆಯವರಿಗೆ ವಹಿಸಿ ಬದುವಿನ ಮೇಲಿನ ಕೆಲಸ ನೋಡಿಕೊಳ್ಳಲಿ. ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ನಾಟಿ ಯಂತ್ರ ಬಾಡಿಗೆಗೆ ಸಿಗುವುದೇ ವಿಚಾರಿಸಬಹುದು. ಅನುಕೂಲವಿರುವ ಕಡೆ ಕೆಸರು ಮಾಡದೆ ಬೆಳೆಯುವ ಏರೋಬಿಕ್ ಭತ್ತವನ್ನೂ ಯೋಚಿಸಬಹುದು. ಗಂಬೂಟು ಹಾಕುವವರು ಒಳಗೆ ಹತ್ತಿಯ ಕಾಲುಚೀಲ ಹಾಕಿ, ಕೆಲಸ ಮುಗಿದೊಡನೆ ಬಿಚ್ಚಿ ಪಾದ ನೋಡಬೇಕು.

6. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಹರಕೆ ಹೊತ್ತವರು ಕಾಲು ಜೋಮುಗಟ್ಟಿದ್ದರೆ ವಾಹನದಲ್ಲಿ ಹೋಗಲಿ. ದೇವಸ್ಥಾನದ ಕಲ್ಲುಹಾಸು ಕಾಯುವ ಮುನ್ನ, ಬೆಳಗಿನ ಹೊತ್ತೇ ದರ್ಶನ ಮಾಡುವುದು ಒಳ್ಳೆಯದು. ತಾಯಿ ಭಕ್ತಿಯನ್ನು ನೋಡುತ್ತಾಳೆ, ಅಂಗಾಲಿನ ಬೊಬ್ಬೆಯನ್ನು ಕೇಳುವುದಿಲ್ಲ.

ಗಾಯವಾದರೆ

ಶುದ್ಧ ನೀರಿನಿಂದ ತೊಳೆದು, ಚೊಕ್ಕ ಬಟ್ಟೆ ಕಟ್ಟಿ, ಆ ಕಾಲಿನ ಮೇಲೆ ಭಾರ ಹಾಕದೆ, ಅದೇ ದಿನ ಅಥವಾ ಮಾರನೆಯ ದಿನ ವೈದ್ಯರಿಗೆ ತೋರಿಸಬೇಕು. ಸುಣ್ಣ, ಕಾಫಿಪುಡಿ, ಎಂಜಿನ್ ಆಯಿಲ್, ಸೊಪ್ಪಿನ ರಸ ಹಚ್ಚಿ ವಾರ ಕಾಯಬಾರದು. ಕೆಂಪಾಗುವುದು, ಊತ, ದುರ್ವಾಸನೆ, ಕೀವು, ಜ್ವರ, ಬೆರಳು ಕಪ್ಪಾಗುವುದು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ ಬಿಸಿಯಾದರೆ ಒಳಗಿನ ಮೂಳೆ ಕುಸಿಯುತ್ತಿರಬಹುದು. ಆಗಲೂ ಆ ಕಾಲನ್ನು ಊರದೆ ಕೂಡಲೇ ತೋರಿಸಬೇಕು.

ಚಿಕಿತ್ಸೆಯ ದಿನಗಳಲ್ಲಿ ಕಾಲಿಗೆ ವಿಶ್ರಾಂತಿ ಕೊಡುವುದು ಔಷಧಿಯಷ್ಟೇ ಮುಖ್ಯ. ಸುಗ್ಗಿ, ಕಬ್ಬಿನ ಕಟಾವು ಎಂದು ಗದ್ದೆಗಿಳಿದರೆ ಮಾಯುತ್ತಿರುವ ಗಾಯ ಮತ್ತೆ ಬಿರಿಯುತ್ತದೆ.

ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ, ಅಂದರೆ ನಮ್ಮ ದೊಡ್ಡಾಸ್ಪತ್ರೆ ಇದೆ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಪಾದಗಳ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಬಿಪಿಎಲ್ ಚೀಟಿ ಇದ್ದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಬಗ್ಗೆ, ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಿಟ್ಟುಕೊಂಡರೆ ಹಣದ ಚಿಂತೆಯಿಂದ ದಿನ ತಳ್ಳುವುದು ತಪ್ಪುತ್ತದೆ.

ಸಕ್ಕರೆ ಹತೋಟಿಯಲ್ಲಿಡಿ, ಬೀಡಿ ಬಿಡಿ, ಪಾದ ನೋಡಿಕೊಳ್ಳಿ. ಇಂದು ರಾತ್ರಿ ಕೊಟ್ಟಿಗೆಯ ಕೆಲಸ ಮುಗಿಸಿ ಬಂದ ಮೇಲೆ ಐದು ನಿಮಿಷವನ್ನು ಸ್ವಂತ ಕಾಲಿಗೂ ಕೊಡಬೇಕೆಂದು ರೈತ ಬಾಂಧವರಲ್ಲಿ ವಿನಂತಿ.